ಹುಳುಮನೆಯ ಹೊಸ್ತಿಲು ದಾಟಿದವಳು

ಆ ಹುಳುಗಳು ಸತ್ತದ್ದು ಮುನಿಲಕ್ಷ್ಮಿ ಒಳಗೆ ಕಾಲಿಟ್ಟದ್ದರಿಂದಲೇ? ಚಿಂತಾಮಣಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಗೌತಮಿ, ತಾಯಿ ಮುನಿಲಕ್ಷ್ಮಿಯ ಆತ್ಮಕಥೆಯ ಹಸ್ತಪ್ರತಿ ಓದಿ ಮುಗಿಸಿದಾಗ, ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಪುಟಗಳನ್ನು ಮತ್ತೆ ಹಿಂದಕ್ಕೆ ತಿರುವಿದಳು.

ಘಟನೆ ಐವತ್ತು ವರ್ಷ ಹಳೆಯದು. ದಿಬ್ಬೂರಹಳ್ಳಿಯ ಮುನಿನಾರಾಯಣಪ್ಪನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ಮುನಿಲಕ್ಷ್ಮಿಯ ದಲಿತ ಕೇರಿಯವರೇ. ಆದರೆ ಸೊಪ್ಪಿನ ಕುಕ್ಕೆಯನ್ನು ರೇಷ್ಮೆಹುಳು ಸಾಕುವ ಮನೆಯ ಹೊಸ್ತಿಲ ಹೊರಗೇ ಇಳಿಸಿ ಹಿಂದೆ ಸರಿಯಬೇಕು. ಹುಳುವಿಗೆ ಮೈಲಿಗೆ ತಾಗಿದರೆ ಬೆಳೆ ಹಾಳೆಂಬುದು ಅಲ್ಲಿನ ಕಟ್ಟಳೆ. ಮನೆಯವರ ನೆಂಟರು ಮಾತ್ರ ಬೀಡಿ ಸೇದಿಕೊಂಡೇ ಒಳಹೊಕ್ಕು ಬರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಒದ್ದೆ ಸೊಪ್ಪು ತಿಂದರೆ ಹುಳು ಕೆಡುತ್ತದೆಂದು ಬಲ್ಲ ಹನ್ನೊಂದರ ಹುಡುಗಿ ಮುನಿಲಕ್ಷ್ಮಿ, ಕೂಗಿದರೂ ಯಾರೂ ಬಾರದಿದ್ದಾಗ, ಕುಕ್ಕೆಯನ್ನು ಒಳಗೊಯ್ದು ಇಟ್ಟಳು. ವಾರ ತುಂಬುವುದರೊಳಗೆ ತಟ್ಟೆ ತಟ್ಟೆ ಹುಳುವೇ ಸತ್ತಿತು. ಮುನಿನಾರಾಯಣಪ್ಪನ ಮನೆಯವರು, ತಾಯಿ ಮುನಿಗಂಗಮ್ಮನ ಕಣ್ಣೆದುರೇ ಹುಡುಗಿಯನ್ನು ಹಿಪ್ಪುನೇರಳೆಯ ಬರಲಿನಿಂದ ಬಾರಿಸಿದರು.

ಮುಂದೆ ಮುನಿಲಕ್ಷ್ಮಿ ಹಟ ಹಿಡಿದು ಓದಿದರು; ಶಿಡ್ಲಘಟ್ಟದ ಬಳಿ, ರೇಷ್ಮೆಯ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಪರೀಕ್ಷಕಿಯಾದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಅದರಲ್ಲಿ ಗಂಟುರೋಗದ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುವ ಕೆಲಸ. ಆ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುವಂಥದ್ದು. ಅವರು ಒಪ್ಪಿದ ಮೇಲೆಯೇ ಮೊಟ್ಟೆ ಹುಳುಮನೆಗಳ ಒಳಗೆ ಹೋಗುತ್ತಿತ್ತು, ದಿಬ್ಬೂರಹಳ್ಳಿಯ ಹುಳುಮನೆಗಳಿಗೂ. ಮೂವತ್ತೆಂಟು ವರ್ಷ ಹೀಗೆ ದುಡಿದು, ನಿವೃತ್ತಿಯ ಮರುದಿನವೇ ನೋಟ್‌ಬುಕ್ ತೆರೆದರು.

“ಅಮ್ಮ, ಇಲ್ಲೊಂದು ಸಾಲು ಸೇರ್ಸು, ತಪ್ಪು ನಂದಲ್ಲ ಅಂತ. ಇಲ್ದಿದ್ರೆ ಓದ್ದೋರು ಇದನ್ನೇ ಹಿಡ್ಕೊತಾರೆ,” ಎಂದಳು ಗೌತಮಿ.

“ಹಿಡ್ಕೊಳ್ಳಿ ಬಿಡಮ್ಮ. ಯಾಕೆ, ನಿಂಗೇ ಅನುಮಾನಾನಾ?”

“ಅನುಮಾನ ಅಲ್ಲ, ಪುರಾವೆ ಬೇಡ್ವಾ? ಅವತ್ತು ಯಾವ ರೋಗ ಅಂತ್ಲೂ ನೀನು ಬರ್ದಿಲ್ಲ.”

“ಮಾರ್ಕ್ಸು ನಿನ್ ಹುಡುಗ್ರಿಗೆ ಹಾಕು ಕಣೇ, ನನ್ ಪೇಪರ್ ತಿದ್ಬೇಡ. ಆ ಸಾಲು ನಾನು ಬರಿಯಲ್ಲ.”

ಗೌತಮಿಗೆ ಸಿಟ್ಟು ಬಂತು. ಪುರಾವೆಯಿಲ್ಲದ ಮಾತನ್ನು ನಂಬಬೇಡಿ ಎಂದು ದಿನವೂ ತರಗತಿಯಲ್ಲಿ ಹೇಳುವವಳು ಅವಳು. ಈ ಒಂದು ಪುಟದ ನೆಪದಲ್ಲಿ ತಾಯಿಯ ಇಡೀ ಬದುಕನ್ನೇ ಯಾರಾದರೂ ಸುಳ್ಳೆಂದು ತಳ್ಳಿಹಾಕಿಬಿಟ್ಟರೆ ಎಂಬ ಭಯ ಅವಳನ್ನು ಕೊರೆಯತೊಡಗಿತು.

ಪುಸ್ತಕ ಬಂತು. ವರ್ಷದೊಳಗೆ ಮೂರು ಸಲ ಮುದ್ರಣವಾಯಿತು. ಆ ವರ್ಷದ ಉತ್ತಮ ಆತ್ಮಕಥೆಯೆಂದು ಪ್ರಶಸ್ತಿಯೂ ದೊರೆಯಿತು. ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಸನ್ಮಾನ. ಶಾಲು ಹೊದಿಸಿ ಮುಗಿಯುವಷ್ಟರಲ್ಲಿ, ಗೌತಮಿ ಹೆದರಿದ್ದೇ ಆಯಿತು. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು.

“ಮೇಡಂ, ನೀವು ಲ್ಯಾಬಲ್ಲಿದ್ದೋರು. ರೋಗ ಕಾಲಲ್ಲೂ ಬರುತ್ತೆ ಅಂತ ಗೊತ್ತಿರೋರು. ಹುಳ ನಿಮ್ಮಿಂದ್ಲೇ ಸತ್ತಿರಬೋದಲ್ವಾ?”

ಸಭೆ ಗುಜುಗುಟ್ಟಿತು. ಗೌತಮಿ ಕುರ್ಚಿಯ ತುದಿಗೆ ಸರಿದಳು. ಮುನಿಲಕ್ಷ್ಮಿ ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡರು.

“ನನ್ನಿಂದ್ಲೇ ಸತ್ತವು ಅಂತ್ಲೇ ಇಟ್ಕೊಳಿ ಸ್ವಾಮಿ. ಈಗ ನೀವು ಹೇಳಿ, ಸೊಪ್ಪು ನೆನೀಬಾರ್ದು ಅಂತ ಒಳಗಿಟ್ಟ ಮಗೂನ ಹೊಡೆದಿದ್ದು ಸರೀನಾ? ನನ್ ತಪ್ಪಿಲ್ಲ ಅಂತ ಸಾಬೀತಾದ್ರೆ ಮಾತ್ರ ಆ ಏಟು ತಪ್ಪು ಅನ್ನೋದಾದ್ರೆ, ಈ ಶಾಲು ವಾಪಸ್ ತಗೊಳಿ.”

ಪ್ರಶ್ನೆ ಕೇಳಿದ ಹಿರಿಯರು ಮೆಲ್ಲನೆ ಕುಳಿತರು. ಆಮೇಲೆ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ. ಇಡೀ ಸಭಾಂಗಣ ಎದ್ದು ನಿಂತಿತು. ತಾನು ಇಷ್ಟು ದಿನ ತಪ್ಪು ಪ್ರಶ್ನೆಗೆ ಪುರಾವೆ ಹುಡುಕುತ್ತಿದ್ದೆನೆಂದು ಗೌತಮಿಗೆ ಅರ್ಥವಾಯಿತು. ಅವಳ ತಾಯಿ ಅಲ್ಲಿದ್ದ ಎಲ್ಲರಿಗಿಂತ ಗಿಡ್ಡ. ಆ ಹೊತ್ತು ಯಾರಿಗೂ ಹಾಗೆ ಕಾಣಲಿಲ್ಲ.

ಮರುವರ್ಷ ಮುನಿಲಕ್ಷ್ಮಿ ತೀರಿಕೊಂಡರು. ಗೌತಮಿಯನ್ನು ಮಾತಾಡಿಸಲು ಬಂದವರಲ್ಲಿ ಅವರ ಜೊತೆ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದ್ದ ವೇಣುಗೋಪಾಲ್ ಒಬ್ಬರು.

“ಹಳೇ ರಿಜಿಸ್ಟರಿನ ಸಂಗತಿ ಅಮ್ಮ ನಿಮಗೆ ಹೇಳಿದ್ರಲ್ಲಮ್ಮ?”

“ಯಾವ ರಿಜಿಸ್ಟರು ಸಾರ್?”

ಅವರು ಹೇಳಿದ್ದಿಷ್ಟು: ಕೋಠಿಯ ಹಳೆಯ ರಿಜಿಸ್ಟರಿನ ಪ್ರಕಾರ, ಆ ಸಲ ಮುನಿನಾರಾಯಣಪ್ಪನ ಮನೆಗೆ ಹೋಗಿದ್ದ ಮೊಟ್ಟೆಗಳಲ್ಲೇ ಗಂಟುರೋಗವಿತ್ತು, ಅದೇ ಮೊಟ್ಟೆ ತಂದ ಇನ್ನೂ ನಾಲ್ಕು ಮನೆಗಳಲ್ಲಿ ಹುಳು ಸತ್ತಿತ್ತು. ಮುನಿಲಕ್ಷ್ಮಿ ಆ ಪುಟವನ್ನು ಓದಿದ್ದು ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ, ಆತ್ಮಕಥೆಯ ಮೊದಲ ಸಾಲು ಬರೆಯುವುದಕ್ಕೆ ಮೂವತ್ತಾರು ವರ್ಷ ಮೊದಲು.