ಮಸ್ಕಿ ದಾಟದ ಕಾರು

ಆ ಕಾರು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವನು ನಾನು. ಅದರ ಒಳಗಿನ ಪ್ಲಾಸ್ಟಿಕ್ ಕರಗಿ ಹೋಗುತ್ತಿದೆ, ಇನ್ನು ಯಾರ ಕೈಯಲ್ಲೂ ಸರಿಯಾಗುವುದಿಲ್ಲ ಎಂದು ಲಿಂಗಸುಗೂರಿನ ಡಾಕ್ಟರ್ ಸುಲೋಚನಮ್ಮನವರಿಗೆ ನಾನು ಹೇಳಿದ್ದು ಸುಳ್ಳು. ಗೊತ್ತಿಲ್ಲದೆ ಬಾಯಿಗೆ ಬಂದ ಸುಳ್ಳಲ್ಲ — ಎಲ್ಲ ಗೊತ್ತಿದ್ದೇ ಹೇಳಿದ್ದು. ಆ ಸುಳ್ಳಿನಿಂದ ಕಾರು ನನ್ನದಾಯಿತು. ಒಂಬತ್ತು ವರ್ಷ ಓಡಿಸಿದೆ. ಸುಖವಾಗಿಯೇ ಓಡಿಸಿದೆ — ಇದನ್ನೂ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಪಾಪ, ಈ ಮನುಷ್ಯ ಒಂಬತ್ತು ವರ್ಷ ನಿದ್ದೆಗೆಟ್ಟು ಹೊರಳಾಡಿದ್ದಾನೆ ಎಂದು ನೀವು ತಿಳಿದುಕೊಂಡೀರಿ. ನಿದ್ದೆ ಚೆನ್ನಾಗಿಯೇ ಬಂತು.

ನನ್ನ ಅಂಗಡಿ ಸಿಂಧನೂರಿನಲ್ಲಿದೆ. ಪ್ಲಾಸ್ಟಿಕ್ ಕೆಲಸ. ಗದ್ದೆಗೆ ಔಷಧಿ ಹೊಡೆಯುವ ಪಂಪಿನ ಡಬ್ಬಿ ಸೀಳಿದರೆ ಬೆಸೆಯುತ್ತೇನೆ, ಟ್ರ್ಯಾಕ್ಟರಿನ ಮೀಟರ್ ಬೋರ್ಡು ಒಡೆದರೆ ಕೂಡಿಸುತ್ತೇನೆ, ಕಾರು ಜೀಪುಗಳ ಒಳಗೆ ಬಿಳಿಚಿಕೊಂಡ ಪ್ಲಾಸ್ಟಿಕ್ಕಿಗೆ ಮತ್ತೆ ಬಣ್ಣ ಕೊಡುತ್ತೇನೆ. ನಮ್ಮ ಕಡೆಯ ಬಿಸಿಲು ಇರುವವರೆಗೆ ನನಗೆ ಕೆಲಸಕ್ಕೆ ಕೊರತೆಯಿಲ್ಲ. ಆಗಲೂ ಇರಲಿಲ್ಲ. ಮನೆಯಿತ್ತು, ಓಡಾಡಲು ಸ್ಕೂಟರ್ ಇತ್ತು, ನನ್ನನ್ನು ಚೇಷ್ಟೆ ಮಾಡಿಕೊಂಡು ಜೊತೆಗೆ ಬಾಳುವ ಹೆಂಡತಿ ನೀಲಮ್ಮ ಇದ್ದಳು. ಇಲ್ಲದವನು ಆಸೆಪಟ್ಟ ಎನ್ನಲು ದಾರಿಯಿಲ್ಲ.

ಸುಲೋಚನಮ್ಮನವರು ಹೆರಿಗೆ ಡಾಕ್ಟರು. ನಮ್ಮ ಮಗಳು ಹುಟ್ಟಿದ್ದೂ ಅವರ ಕೈಯಲ್ಲೇ. ಕೂಸು ಅಡ್ಡ ತಿರುಗಿದೆ ಎಂದು ನರ್ಸು ಮುಖ ಸಣ್ಣ ಮಾಡಿದಾಗ ಅವರು ತೋಳು ಮೇಲೆ ಸರಿಸಿಕೊಂಡು, "ಮೊದ್ಲ ನೋಡೂಣು. ನೋಡಲಾರದ ಆಗಂಗಿಲ್ಲ ಅನಬಾರ್ದು" ಎಂದಿದ್ದರು. ನೋಡಿದರು, ಆಯಿತು. ಆ ಮಗಳು ಈಗ ಪರವೂರಿನಲ್ಲಿ ಮಾಸ್ತರಿಕೆ ಮಾಡುತ್ತಾಳೆ.

ಅವರ ಬಳಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ಇತ್ತು. ಹೈದರಾಬಾದಿನಿಂದ ತಾವೇ ಓಡಿಸಿಕೊಂಡು ತಂದದ್ದು. ಎರಡೇ ಬಾಗಿಲು, ಕಡುಗೆಂಪು ಬಣ್ಣ, ನೆಲಕ್ಕೆ ತಾಗುವ ಹಾಗೆ ತಗ್ಗು. ಐತವಾರ ವಾರ್ಡು ನೋಡಿ ಮುಗಿಸಿ, ಒಬ್ಬರೇ ಅದರಲ್ಲಿ ಕುಳಿತು, ನಮ್ಮ ಸಿಂಧನೂರಿನ ದಾರಿಯಲ್ಲಿ ನಡುವೆ ಬರುವ ಮಸ್ಕಿಯವರೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಹೀಗೆ ಸುಮ್ಮನೆ ಯಾಕೆ ಹೋಗುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

"ವಾರ ಪೂರ್ತಿ ಮಂದಿ ನನ್ನ ಕರೀತಾರ, ಈರಣ್ಣ," ಎಂದರು. "ಆ ಒಂದ ತಾಸು ಯಾರೂ ಕರಿಯಂಗಿಲ್ಲ. ಅಷ್ಟಕ್ಕ ಹೋಗತೀನಿ."

ಅಂಥ ಕಾರುಗಳ ಒಳಗಿನ ಪ್ಲಾಸ್ಟಿಕ್ ಮೇಲೆ ರಬ್ಬರಿನಂಥ ಒಂದು ತೆಳು ಲೇಪ ಇರುತ್ತದೆ, ಮುಟ್ಟಿದರೆ ಮೆತ್ತಗಿರಲಿ ಎಂದು. ತಂಪು ದೇಶಕ್ಕೆ ಅದು ಸರಿ. ನಮ್ಮಲ್ಲಿ ನಾಲ್ಕು ಬೇಸಿಗೆ ಕಂಡರೆ ಆ ಲೇಪ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ. ಅವರ ಕಾರಿಗೂ ಅದೇ ಆಯಿತು. ಬಾಗಿಲ ಹಿಡಿಕೆ, ಗೇರಿನ ಸುತ್ತು, ಮುಂದಿನ ಬೋರ್ಡು — ಎಲ್ಲಿ ಕೈಯಿಟ್ಟರೂ ಕಪ್ಪು. ಅವರು ಉಡುತ್ತಿದ್ದುದು ತಿಳಿ ಬಣ್ಣದ ನೂಲಿನ ಸೀರೆ, ಸೆರಗಿಗೆಲ್ಲ ಮಸಿ. ಕೂಸುಗಳನ್ನು ಹಿಡಿಯುವ ಕೈ ಬೇರೆ. ನನಗೆ ಹೇಳಿ ಕಳಿಸಿದರು. ನಾನು ಬಸ್ಸು ಹತ್ತಿ ಹೋದೆ.

ಆಸ್ಪತ್ರೆಗೆ ಹೊಂದಿದ ಅವರ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಕಾರು ನಿಂತಿತ್ತು. ಬಾಗಿಲು ಮುಟ್ಟಿದ ಕೂಡಲೇ ನನಗೆ ತಿಳಿಯಿತು. ಲೇಪವಷ್ಟೇ ಕರಗಿದೆ, ಕೆಳಗಿನ ಪ್ಲಾಸ್ಟಿಕ್ ಕಲ್ಲಿನಂತಿದೆ. ಸ್ಪಿರಿಟ್, ಅರಿವೆ, ಒಂದಿಷ್ಟು ತಾಳ್ಮೆ — ಅಷ್ಟಿದ್ದರೆ ಸಾಕು. ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ನಾನು ಡ್ರೈವರ್ ಸೀಟಿನಲ್ಲಿ ಕುಳಿತುಬಿಟ್ಟಿದ್ದೆ. ಕಾಲು ಉದ್ದಕ್ಕೆ ಚಾಚಿಕೊಂಡವು, ಸೀಟು ಬೆನ್ನನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತು. ಬಾಗಿಲಿನಿಂದ ಬೋರ್ಡಿಗೆ ಒಂದೇ ಗೆರೆಯಲ್ಲಿ ಹರಿದುಬಂದ ಆ ಪ್ಲಾಸ್ಟಿಕ್ — ಡಬ್ಬಿ ಬೆಸೆದು ಬೆಸೆದು ಬೇಸತ್ತವನು ನಾನು, ಅಂಥ ಕೆಲಸವನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೇಕು ಅನ್ನಿಸಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಸುಲೋಚನಮ್ಮನವರು ಹತ್ತಿ ಮತ್ತು ಸ್ಪಿರಿಟ್ಟಿನ ಬಾಟಲಿ ಹಿಡಿದು ಬಂದರು. ತಮ್ಮ ಕೈಗೆ ಹತ್ತಿದ ಕಪ್ಪನ್ನು ಒರೆಸಿಕೊಂಡರು. ಆಮೇಲೆ ಇನ್ನೊಂದು ಹತ್ತಿ ತೋಯಿಸಿ ಬಾಗಿಲ ಕಡೆ ಬಗ್ಗಿದರು.

"ಕೈಯಾಗಿನ ಕಪ್ಪು ಹೋತಲ್ಲ. ಇದಕ್ಕೂ ಜರಾ ಸ್ಪಿರಿಟ್ ಹಚ್ಚಿ ಒರಸಿ ನೋಡ್ಲೇನು?"

ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ಮದ್ದು ಅವರ ಕೈಯಲ್ಲೇ ಇತ್ತು — ದಿನಕ್ಕೆ ಹತ್ತು ಸಲ ಬಳಸುವ ಬಾಟಲಿ. ನಾನು ಸೀಟಿನಿಂದಲೇ ಕೈ ಅಡ್ಡ ಹಿಡಿದೆ.

"ಬ್ಯಾಡ್ರಿ ಅಮ್ಮಾ! ಸ್ಪಿರಿಟ್ ತಾಕಿದ್ರ ಪ್ಲಾಸ್ಟಿಕ್ ಸೀಳಿಬಿಡತೈತಿ. ಇದು ಆಗಂಗಿಲ್ರಿ. ಇದರ ಕತಿ ಮುಗೀತು."

ಅವರ ಕೈ ಅಲ್ಲೇ ನಿಂತಿತು. "ಖರೇನು?" ಎಂದರು.

"ಖರೇರಿ."

"ನೀ ಈ ಕೆಲಸದಾಗ ಇದ್ದಾವ. ನೀ ಅಂದಮ್ಯಾಲ ಆತು," ಎಂದು ಹತ್ತಿಯನ್ನು ಕಸದ ಡಬ್ಬಿಗೆ ಹಾಕಿ ಒಳಗೆ ಹೋದರು. ಇನ್ನೊಬ್ಬನನ್ನು ಕೇಳಲಿಲ್ಲ. ತಿಂಗಳೊಳಗೆ ಕರೆ ಬಂತು — "ನಿಂತು ನಿಂತು ಮಣ್ಣಾಗೂದು ನನ್ನ ಕಡಿಂದ ನೋಡಾಕ ಆಗಂಗಿಲ್ಲ. ನೀನ ಒಯ್ಯಿ. ಬಿಚ್ಚಿದ್ರ ನಿನಗ ಏನರ ಸಾಮಾನು ಸಿಕ್ಕೀತು." ಕಾಗದಕ್ಕೆ ತಾವೇ ಸಹಿ ಹಾಕಿ ಕೊಟ್ಟರು. ನಾನು ಕೈಮುಗಿದು ತಂದೆ.

ತಂದವನು ಅದಕ್ಕೆ ಮಾಡಿದ ಕೆಲಸವಿದೆಯಲ್ಲ — ಕದ್ದ ಕಾರಿಗೇ ಆದರೂ, ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಪ್ಪಳದ ಹಾಗೆ ಮುರಿಯುತ್ತವೆಂದು ಪಟ್ಟಿಗಳನ್ನು ಬಿಸಿನೀರಿನ ಅರಿವೆಯಿಂದ ಕಾವು ಕೊಟ್ಟು ಬಿಚ್ಚಿದೆ. ಸ್ಪಿರಿಟ್ಟಿನಲ್ಲಿ ಅರಿವೆ ತೋಯಿಸಿ ಅಂಟು ತೆಗೆದೆ. ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿದೆ. ಉಂಗುರ ತಾಕಿ, ಬೀಗದ ಕೈ ತಾಕಿ ಬಿದ್ದ ಗೀರುಗಳನ್ನು ನೀರು ಹಾಕಿ ಮರಳು ಕಾಗದದಿಂದ ತಿಕ್ಕಿ ನುಣುಪು ಮಾಡಿದೆ. ಆಗ ಸುತ್ತಲೂ ಭತ್ತ ಒಕ್ಕುವ ಕಾಲ, ಗಾಳಿಯ ತುಂಬ ಹೊಟ್ಟಿನ ದೂಳು. ನೀಲಮ್ಮನ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ನಾಲ್ಕೂ ಕಡೆ ಪರದೆ ಕಟ್ಟಿ, ಒಳಗೆ ನಿಂತು, ಬಣ್ಣ ಹಿಡಿಯಲಿ ಎಂದು ಮೊದಲು ಪ್ರೈಮರ್ ಹೊಡೆದು, ಮೇಲೆ ತೆಳುವಾಗಿ ಒಂದರ ಮೇಲೊಂದು ನಾಲ್ಕು ಸಲ ಬಣ್ಣ ಹೊಡೆದೆ. ನಮ್ಮ ಗಿರಾಕಿಗಳಿಗೆ ಮಿರಿಮಿರಿ ಮಿಂಚಬೇಕು, ನಾನು ಮಿಂಚಿಸಲಿಲ್ಲ. ಮೊದಲಿದ್ದ ಮಂದ ಕಪ್ಪನ್ನೇ ತಂದೆ.

ಒಂದೇ ಜಾಗ ಉಳಿಯಿತು. ಎಡಗಡೆ ಸೀಟಿನ ಮುಂದೆ ಕಾಗದಪತ್ರ ಇಡುವ ಖಾನೆಯ ಮುಚ್ಚಳ, ಅದರ ಒಳಮೈ. ಅಷ್ಟೊತ್ತಿಗೆ ಸ್ಪಿರಿಟ್ ತೀರಿತ್ತು, ನಾಳೆ ಮಾಡಿದರಾಯಿತು ಎಂದುಕೊಂಡೆ. ನಾಳೆ ಬಂದಾಗ ಓಡಿಸಲು ಹೋದೆ. ಮುಚ್ಚಿದರೆ ಯಾರಿಗೂ ಕಾಣುವ ಜಾಗವಲ್ಲ.

ನೀಲಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು ಬೆರಳಾಡಿಸಿ ನೋಡಿದಳು. "ಡಾಕ್ಟ್ರಮ್ಮ ಇದನ್ನ ನೋಡಿದ್ರ ಭಾಳ ಖುಷಿಪಡತಾರ. ಹೇಳೀರಿಲ್ಲೊ?"

"ಹೇಳೀನಿ. ನೀನ ಇಟಗೋ ಅಂದ್ರು." ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಆಮೇಲಿನ ವರ್ಷಗಳು... ಹೇಳಿದೆನಲ್ಲ, ಸುಖದ ವರ್ಷಗಳು. ಜವಳಗೇರಾ ಕಡೆಯ ಹಸಿರು ಗದ್ದೆಗಳ ನಡುವೆ, ಬಳಗಾನೂರಿನ ದಾರಿಯಲ್ಲಿ ನಾವಿಬ್ಬರೂ ಐತವಾರ ತಿರುಗಾಡಿದೆವು. ನಾಟಿ ಹಚ್ಚುವ ಹೆಂಗಸರು ಸೊಂಟ ಎತ್ತಿ ನೋಡಿ, "ಅಣ್ಣಾ, ಕಾರು ಕೆಸರಾಗ ಹುಗದೈತೇನು, ಇಷ್ಟ ಕಾಣತೈತಲ್ಲ!" ಎಂದು ನಗುತ್ತಿದ್ದರು. ನೀಲಮ್ಮ ಅವರಿಗಿಂತ ಜೋರಾಗಿ ನಗುತ್ತಿದ್ದಳು. ಆದರೆ ಲಿಂಗಸುಗೂರಿನ ದಿಕ್ಕಿಗೆ ಹೋದಾಗ ಮಾತ್ರ ಮಸ್ಕಿಯಲ್ಲಿ ಒಂದು ಚಹಾ ಕುಡಿದು ಕಾರನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ. ಲಿಂಗಸುಗೂರಿನಲ್ಲಿ ನೆಂಟರ ಮದುವೆಯಿದ್ದರೆ ಬಸ್ಸಿಗೆ ಹೋಗುತ್ತಿದ್ದೆವು. "ಮಸ್ಕಿ ಬಂತಂದ್ರ ಈ ಕಾರಿಗೆ ತಾನ ಬ್ರೇಕ್ ಬೀಳತೈತೇನ್ರಿ?" ಎಂದು ಅವಳು ಕಾಡುತ್ತಿದ್ದಳು. ಆಚೆಗೆ ರಸ್ತೆ ಸರಿಯಿಲ್ಲ, ಕಾರಿನ ತಳ ತಾಕುತ್ತದೆ ಎನ್ನುತ್ತಿದ್ದೆ. ರಸ್ತೆ ಚೆನ್ನಾಗಿಯೇ ಇತ್ತು.

ಹೋದ ಬೇಸಿಗೆಯಲ್ಲಿ ಅಂಥದೇ ಒಂದು ಮದುವೆ. ಊಟದ ಪಂಗ್ತಿಯ ಹತ್ತಿರ ಸುಲೋಚನಮ್ಮನವರು ಕುರ್ಚಿಯಲ್ಲಿ ಕುಳಿತಿದ್ದರು. ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು, ಪಕ್ಕದಲ್ಲಿ ಊರುಗೋಲು. ನನ್ನನ್ನು ನೋಡಿದ್ದೇ ಕೈಬೀಸಿ ಕರೆದು, ಬಾಜೂದಲ್ಲಿದ್ದ ಹೆಂಗಸಿಗೆ ಹೇಳಿದರು:

"ನಿಮ್ಮ ಒಡದ ಪ್ಲಾಸ್ಟಿಕ್ ಸಾಮಾನು ಈತಗ ತೋರಸ್ರಿ. ಆಗಲಾರದ್ದಕ್ಕ ಆಗಂಗಿಲ್ಲ ಅಂತ ಮಕದ ಮ್ಯಾಲ ಹೇಳಾವ. ನನ್ನ ಕಾರಿಗೂ ಹಂಗ ಹೇಳಿದ. ಸುಳ್ಳ ಆಸೆ ತೋರಿಸಿ ವರ್ಷಗಟ್ಲೆ ತಿರಗಸಲಿಲ್ಲ. ಆ ಕಾರು ಹೋದಮ್ಯಾಲ ನಾ ಮತ್ತ ಐತಾರ ಎಲ್ಲೀನೂ ಹೋಗಲಿಲ್ಲ ಬಿಡ್ರಿ."

ನೀಲಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಕಡೆ ನೋಡಿದ ನೋಟ — ಅದನ್ನು ಹೇಗೆ ಬರೆಯಲಿ... ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕುಳಿತಳು. ಮಸ್ಕಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು:

"ಇದಕ್ಕೇನು ಮಸ್ಕಿ ದಾಟತಿದ್ದಿಲ್ಲ ಕಾರು." ಬಸ್ಸು ಹೊರಟ ಮೇಲೆ, "ಈ ಐತಾರ ದಾಟಬೇಕು ನೋಡ್ರಿ," ಎಂದಳು.

ದಾಟಿದೆ. ಒಬ್ಬನೇ ಹೋದೆ. ಬೇವಿನ ಮರ ಅಲ್ಲೇ ಇತ್ತು, ಅದರ ಕೆಳಗೇ ನಿಲ್ಲಿಸಿದೆ. ಸುಲೋಚನಮ್ಮನವರು ಕೋಲು ಊರಿಕೊಂಡು ಹೊರಗೆ ಬಂದು ಕಾರನ್ನು ನೋಡಿದರು, ತೆರೆದ ಬಾಗಿಲೊಳಗೆ ನೋಡಿದರು, ಆಮೇಲೆ ನನ್ನನ್ನು. ನಾನು ಹೇಳಿದೆ. ಕೆಟ್ಟಿರಲಿಲ್ಲ, ನನಗೆ ಬೇಕಿತ್ತು, ಸುಳ್ಳು ಹೇಳಿದೆ — ಮೂರೇ ಮಾತು. ಬರುವ ದಾರಿಯುದ್ದಕ್ಕೂ ಇನ್ನೂ ಏನೇನೋ ಹೊಂದಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟುಬಿಟ್ಟೆ.

ಅವರು ಬಾಗಿಲ ಹಿಡಿಕೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಮೊದ್ಲಿದ್ದಂಗ ಅಂಟು ಒಂದ ಜಾಗಾದಾಗರ ಉಳದೈತೇನು?" ಎಂದು ಕೇಳಿದರು.

ಖಾನೆಯ ಮುಚ್ಚಳ ತೆರೆದು ತೋರಿಸಿದೆ. ಒಳಗಿನಿಂದ ಹತ್ತಿ, ಸ್ಪಿರಿಟ್ ತರಿಸಿದರು. ಕೋಲನ್ನು ನನ್ನ ಕೈಗೆ ಕೊಟ್ಟು, ಸೀಟು ಹಿಡಿದು ಬಗ್ಗಿ, ಆ ಮುಚ್ಚಳದ ಮೇಲೆ ಒಂದು ಸಲ — ಒಂದೇ ಸಲ — ಎಳೆದರು. ಹತ್ತಿ ಕಪ್ಪಾಯಿತು. ಅದು ಹಾದುಹೋದ ದಾರಿಯಲ್ಲಿ ಪ್ಲಾಸ್ಟಿಕ್ ಸ್ವಚ್ಛವಾಗಿ ಕಂಡಿತು, ಒಂದು ಬಿರುಕಿಲ್ಲದೆ.

"ಬರೇ ಇಷ್ಟ ಕೆಲಸ ಇತ್ತೇನೋ?"

"ಇಷ್ಟ ಇತ್ರಿ."

ಹತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಡ್ರೈವರ್ ಬಾಗಿಲ ಕಡೆ ಬಂದರು. ಕೂರಿಸಲು ನಾನೊಬ್ಬ, ಮನೆಗೆಲಸದಾಕೆಯೊಬ್ಬಳು, ಇಬ್ಬರೂ ಬೇಕಾಯಿತು. ಅಷ್ಟು ತಗ್ಗಿಗೆ ಅವರ ಮೊಣಕಾಲು ಬಗ್ಗಲೊಲ್ಲವು. ಕುಳಿತು ಸ್ಟೀರಿಂಗ್ ಹಿಡಿದರು. ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದರು. ಅರ್ಧ ಹೋಯಿತು, ನಿಂತಿತು. ಮತ್ತೆ ಒತ್ತಿದರು. ಮೂರನೆಯ ಸಲ ತುಟಿ ಕಚ್ಚಿ ಒತ್ತಿದರು.

"ಆಗಂಗಿಲ್ಲ," ಎಂದರು. ಅವರು ಪ್ರಯತ್ನ ಮಾಡಿ ನೋಡಿ ಹೇಳಿದರು.

ನಾನು ಒಯ್ದದ್ದು ಕಾರನ್ನು ಎಂದುಕೊಂಡಿದ್ದೆ. ಕಾರನ್ನು ತಿರುಗಿ ಕೊಡಬಹುದಿತ್ತು. ಆ ಕಾಲು ಕ್ಲಚ್ಚು ಒತ್ತಬಲ್ಲ ವರ್ಷಗಳನ್ನು ನಾನು ಒಯ್ದಿದ್ದೆ, ಅವುಗಳನ್ನು ಜವಳಗೇರಾ ದಾರಿಯಲ್ಲಿ ನಗುನಗುತ್ತ ಖರ್ಚು ಮಾಡಿದ್ದೆ. ಇದನ್ನು ಯಾವ ಸ್ಪಿರಿಟ್ಟಿನಿಂದ...

ಬೀಗದ ಕೈಯನ್ನು ಅವರ ಮುಂದೆ ಹಿಡಿದೆ. ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. "ಮುಂದಿನ ಐತಾರ ಬಸ್ಸಿಗೆ ಬಾ," ಎಂದರು. "ನಾ ಬಾಜೂಕ ಕುಂದರತೀನಿ, ನೀ ಹೊಡಿ. ಮಸ್ಕಿ ತನಕ. ದಾರ್ಯಾಗ ನನ್ನ ಕೂಡ ಮಾತಾಡಬ್ಯಾಡ." ಮುಚ್ಚಳದಲ್ಲಿ ಉಳಿದ ಅಂಟನ್ನು ತೆಗೆದುಬಿಡಲೇ ಎಂದು ಕೇಳಿದೆ. "ಅದು ಹಂಗ ಇರಲಿ," ಎಂದರು.

ಅಂದಿನಿಂದ ಪ್ರತಿ ಐತವಾರ ಹೋಗುತ್ತೇನೆ. ಬುತ್ತಿ ಕಟ್ಟಿ ಕಳಿಸುವವಳು ನೀಲಮ್ಮ; ಕಾರು ಹೋದದ್ದಕ್ಕೆ ಅವಳು ಒಂದು ಮಾತೂ ಆಡಿಲ್ಲ, ಡ್ರೈವರ್ ಸಾಹೇಬ್ರ ಎಂದು ಕಾಡುವುದನ್ನು ಮಾತ್ರ ಬಿಟ್ಟಿಲ್ಲ. ಕ್ಷಮಿಸಿದೆ ಎಂದು ಸುಲೋಚನಮ್ಮನವರು ಹೇಳಿಲ್ಲ, ನಾನೂ ಕೇಳಿಲ್ಲ. ಅಂಗಡಿಗೆ ಯಾರು ಏನು ತಂದರೂ ಈಗ ತಂದವರ ಕಣ್ಣೆದುರೇ ಒಂದು ಮೂಲೆ ಒರೆಸಿ ತೋರಿಸಿ, ಆಮೇಲೆ ಮಾತಾಡುತ್ತೇನೆ. ಮಸ್ಕಿಯ ದಾರಿಯಲ್ಲಿ ಸುಲೋಚನಮ್ಮನವರು ಕಿಟಕಿ ಇಳಿಸಿ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಹೊರಗೆ ನೋಡುತ್ತ ಕೂರುತ್ತಾರೆ. ಅವರ ಮುಖ ನೆಮ್ಮದಿಯಾಗಿರುತ್ತದೆ. ಸುಳ್ಳು ಯಾಕೆ, ನನಗೂ ಆ ತಾಸು ಹಿತವೇ. ಯಾರೂ ಅವರನ್ನು ಕರೆಯುವುದಿಲ್ಲ. ನಾನೂ ಬಾಯಿ ಬಿಡುವುದಿಲ್ಲ.

ತಿರುಗಿ ಬಂದು ಇಳಿಯುವ ಮುಂಚೆ ಮಾತ್ರ ಪ್ರತಿ ಸಲವೂ, ಹಳೆಯ ರೂಢಿಯಂತೆ, ಅಂಗೈ ಮೇಲೆ ಮಾಡಿ, ಕಪ್ಪು ಹತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಕೈ ಸ್ವಚ್ಛವಾಗಿರುತ್ತದೆ. ಅವರು ನನ್ನ ಕಡೆ ನೋಡುವುದಿಲ್ಲ. ನಾನು ಆ ಕೈಯನ್ನೇ ನೋಡುತ್ತಿರುತ್ತೇನೆ.