ಮೆಟ್ಟಿಲ ಕೆಳಗಿನ ಇಸ್ತ್ರಿ ಮೇಜು

ಕೆಂಡದಕ್ಕನ ಬಾಯಿಗೆ ಹೆದರದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಂಡದಿಂದ ಬಂದ ಹೆಸರು ಅವಳ ಸ್ವಭಾವಕ್ಕೂ ಚೆನ್ನಾಗಿ ಒಪ್ಪಿತ್ತು. ಗಂಡ ಕಣ್ಣು ಮುಚ್ಚಿದ ಮೇಲೆ ಓಣಿಯ ತುದಿಯಲ್ಲಿ ಮೇಜು ಹಾಕಿಕೊಂಡು, ಊರವರ ಬಟ್ಟೆಯ ಸುಕ್ಕು ತೆಗೆದೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು. ಓಣಿಯ ತಗಡಿನ ಮನೆಗಳನ್ನು ಕೆಡವಲು ಯಂತ್ರ ಬಂದಾಗ ಉರಿಯುವ ಪೆಟ್ಟಿಗೆ ಹಿಡಿದು ಅದರೆದುರು ಕೂತವಳೂ ಇವಳೇ. ಅವಳ ಹಟಕ್ಕೆ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು, ಬಡವರು ಕಟ್ಟಬಲ್ಲ ಕಂತಿನಲ್ಲಿ ಎಲ್ಲರಿಗೂ ಒಂದೊಂದು ಮನೆ ಸಿಕ್ಕಿತು.

ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಕೊನೆಯ ಅಂತಸ್ತಿನ ಮನೆ. ಅವಳು ಗೊಣಗಲಿಲ್ಲ. ಮೇಜನ್ನು ಮೆಟ್ಟಿಲಡಿಯ ಖಾಲಿ ಜಾಗದಲ್ಲಿ ಹಾಕಿದಳು. ಕೆಲಸಕ್ಕೆ ಹೊರಡುವವರು ಮನೆಯ ಕೀಯನ್ನು ಅವಳ ಕೈಗೆ ಕೊಟ್ಟು ಹೋಗುವುದು ಓಣಿಯ ಕಾಲದ ರೂಢಿ. ಅದೂ ಹಾಗೇ ಮುಂದುವರಿಯಿತು.

ಆಗ ಬಂದ ಕಟ್ಟಡದ ಉಸ್ತುವಾರಿಯವನು. "ಇದು ವಾಸದ ಕಟ್ಟಡ ಕಣಮ್ಮ. ಇಲ್ಲಿ ದುಡಿಮೆ ಗಿಡಿಮೆ ಮಾಡೋ ಹಾಗಿಲ್ಲ."

"ದುಡೀದೆ ವಾಸ ಮಾಡೋದು ಹೇಗಪ್ಪ?"

ನಿವಾಸಿಗಳ ಸಂಘದ ಅಧ್ಯಕ್ಷ ಅವಳ ಸ್ವಂತ ಮೈದುನ. ಅವನೂ ನೆಲ ನೋಡುತ್ತಾ, "ಸ್ವಲ್ಪ ಹೊಂದ್ಕೊಳ್ಳಿ ಅತ್ತಿಗೆ" ಎಂದ. ನೆರೆಯವರು ತಮ್ಮ ತಮ್ಮ ಬಾಗಿಲು ಮುಚ್ಚಿಕೊಂಡರು. ಮೇಜು ಮೇಲಕ್ಕೆ ಹೋಯಿತು. ಅಷ್ಟು ಮೆಟ್ಟಿಲು ಹತ್ತಿ ಬಟ್ಟೆ ಕೊಡಲು ಯಾವ ಪುಣ್ಯಾತ್ಮ ಬರುತ್ತಾನೆ? ಮೇಜು ಹೋದರೆ ಕಂತು ಹೋಯಿತು, ಕಂತು ಹೋದರೆ ಮನೆಯೇ ಹೋಯಿತು.

ಮರುದಿನ ಬೆಳಿಗ್ಗೆ ಅವಳು ಕಟ್ಟಡದ ಬಾಗಿಲಲ್ಲಿ ಕಸದ ಬುಟ್ಟಿ ಇಡಲು ಕೆಳಗಿಳಿದಿದ್ದಳು. ಅವಸರದಲ್ಲಿ ಹೊರಟ ಜನ ಅಭ್ಯಾಸಬಲದಿಂದ ಒಬ್ಬೊಬ್ಬರಾಗಿ ಅವಳ ಕೈಗೇ ಕೀ ತುರುಕಿ ಓಡಿದರು. ನಿನ್ನೆ ಎಬ್ಬಿಸಿದ್ದು ಇವಳನ್ನೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳು ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ಮೇಲೆ ಹೋದಳು.

ಸಂಜೆ ಕೆಳಗಿನಿಂದ ಕೂಗು ಶುರುವಾಯಿತು. "ಅಕ್ಕಾ, ಕೀ!"

"ಮೇಲೆ ಬನ್ನಿ!"

ಹೊಲಿಗೆಯವಳು, ಕಾರ್ಖಾನೆಯವರು, ಮೈದುನ, ಎಲ್ಲರೂ ಏದುಸಿರು ಬಿಡುತ್ತಾ ಹತ್ತಿ ಬಂದರು.

"ಇದೇನ್ ಆಟ ಅತ್ತಿಗೆ?"

"ಕೀ ಕಾಯೋದೂ ದುಡಿಮೇನೇ ಅಲ್ವೇನಪ್ಪ? ಮಾಡ್ಬಾರ್ದು ಅಂದೋರು ನೀವೇ." ಅವಳು ಕೀಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. "ತಗೊಳ್ಳಿ, ಇಟ್ಕೊಳ್ಳೋ ಬುದ್ಧಿ ನಂಗಿಲ್ಲ. ಆದ್ರೆ ನಾಳೆ ನಾನು ಮೆಟ್ಟಿಲ ಕೆಳಗೇ ಕೂರೋಳು. ಮೇಜಿಲ್ದಿದ್ರೆ ನೆಲದ ಮೇಲೆ. ಯಾರು ಎಬ್ಬಿಸ್ತೀರೋ ನೋಡೇಬಿಡ್ತೀನಿ."

ಯಾರೂ ಕೀಯತ್ತ ಕೈ ಚಾಚಲಿಲ್ಲ. ಹೊಲಿಗೆಯವಳ ಮುಖ ನಾಚಿಕೆಯಿಂದ ಕೆಂಪಾಗಿತ್ತು. ಅವಳೇ ಮೊದಲು ಮೇಜಿನ ಒಂದು ಮೂಲೆ ಹಿಡಿದಳು. ಮೈದುನ ತಲೆ ಕೆರೆದುಕೊಂಡ, ಆಮೇಲೆ ಇನ್ನೊಂದು ಮೂಲೆ ಹಿಡಿದ.

ಮೇಜು ಕೆಳಗೆ ತಲುಪಿದಾಗ ಉಸ್ತುವಾರಿಯವನು ಅಡ್ಡ ನಿಂತ. "ಇದಕ್ಕೆ ಯಾರ ಒಪ್ಪಿಗೆ ಇದೆ?"

"ಇಲ್ಲಿ ವಾಸ ಇರೋರದ್ದು" ಎಂದಳು ಕೆಂಡದಕ್ಕ. "ಸ್ವಲ್ಪ ಆ ಕಡೆ ಸರಿಯಪ್ಪ, ಕಾಲ ಮೇಲೆ ಬೀಳುತ್ತೆ."