ಕಂಪನಿ ಬಸ್ಸಿನ ಕಿಟಕಿಗೆ ಕೊಟ್ಟ ಉತ್ತರಗಳು

ಮೊನ್ನೆ ಬಸವೇಶ್ವರನಗರದ ರಸ್ತೆಬದಿಯ ಗಾಡಿಯಲ್ಲಿ ಬೋಂಡಾ ಕಟ್ಟಿಸಿಕೊಂಡೆ. ಮನೆಗೆ ತಂದು ಪೊಟ್ಟಣ ಬಿಚ್ಚಿದರೆ ಬಿಸಿ ಎಣ್ಣೆ, ಕರಿಬೇವು, ಅಚ್ಚಿನ ಶಾಯಿ ಮೂರೂ ಬೆರೆತ ವಾಸನೆ. ಕಾಗದದ ಒಳಮೈಯಲ್ಲಿ ಯಾರೂ ತುಂಬದ ಪದಬಂಧವೊಂದು ಎಣ್ಣೆ ಕುಡಿದು ಕೂತಿತ್ತು. ಹಸಿವು ಅಲ್ಲೇ ಸತ್ತುಹೋಯಿತು. ಇಂಥ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಬಾಲ್ಯ ನೆನಪಾಗಿ ಕಣ್ಣು ತೇವವಾಗುತ್ತದಂತೆ. ನನಗೆ ಮೈ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಬೆಳಗಿನ ಪೇಪರಿಗೆ ಕಿತ್ತಾಡಿದ ಕಾಲವೊಂದಿದ್ದರೆ, ಆ ಮನೆ ಈಗ ಇಲ್ಲವಾಗಿದ್ದರೆ, ಈ ಉರಿ ನಿಮಗೂ ಅರ್ಥವಾದೀತು.

ರಾಜಾಜಿನಗರದ ನಮ್ಮ ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಮುಂದೆ ಸಣ್ಣ ಅಂಗಳ, ಆಮೇಲೆ ಹಗಲಲ್ಲೂ ದೀಪ ಬೇಡುವ ನಡುಮನೆ, ಕೊನೆಗೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ದೊಡ್ಡಪ್ಪನ ಸಂಸಾರ, ನಮ್ಮ ಸಂಸಾರ ಎರಡೂ ಅಲ್ಲೇ. ಜೊತೆಗೆ ಸರೋಜತ್ತೆ. ಅವಳು ಅಪ್ಪ, ದೊಡ್ಡಪ್ಪ ಇಬ್ಬರಿಗೂ ಒಬ್ಬಳೇ ತಂಗಿ. ಬಿ.ಎ. ಮುಗಿಸಿ, ಮದುವೆಯಾಗಿ, ಎರಡು ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಮರಳಿದವಳಿಗೆ ಮನೆ ಕೊಟ್ಟ ಕೆಲಸ ಅಡುಗೆ. ಮಾಡ್ತೀಯಾ ಎಂದು ಯಾರೂ ಕೇಳಿದ್ದಲ್ಲ, ಮಾಡುತ್ತಿದ್ದಾಳೆ ಎಂದು ಯಾರೂ ಗಮನಿಸಿದ್ದೂ ಅಲ್ಲ. ಅವಳು ಎದ್ದು ಒಲೆ ಹಚ್ಚಿದ ಮೇಲೆಯೇ ಉಳಿದವರಿಗೆಲ್ಲ ಬೆಳಗಾಗುತ್ತಿತ್ತು. ಅಂಗಳಕ್ಕೆ ನೀರು ಹಾಕಿದಾಗ ಏಳುವ ಮಣ್ಣಿನ ವಾಸನೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು, ಗೇಟಿನ ಮೇಲಿಂದ ಪೇಪರ್ ಧಪ್ಪೆಂದು ಬೀಳುವುದು, ಇವೆಲ್ಲ ಸೇರಿಯೇ ನಮ್ಮ ಮನೆಯ ಬೆಳಗು.

ಪೇಪರ್ ಮೊದಲು ದೊಡ್ಡಪ್ಪನ ಕೈಗೆ ಹೋಗಬೇಕು. ಮುಖಪುಟ ತಾವಿಟ್ಟುಕೊಂಡು ಪದಬಂಧವಿದ್ದ ಹಾಳೆಯನ್ನು ಅವರು ಅಡುಗೆಮನೆಗೆ ತರುತ್ತಿದ್ದರು. ಅತ್ತೆಯ ಕೈ ಹಿಟ್ಟಾಗಿರುತ್ತಿತ್ತು. ಆದ್ದರಿಂದ ಸುಳಿವು ಓದುವುದು, ಬರೆಯುವುದು ದೊಡ್ಡಪ್ಪ, ಬಿಡಿಸುವುದು ಅತ್ತೆ. ಒಂದು ಸುಳಿವು ನನಗೆ ಈಗಲೂ ಬಾಯಿಪಾಠ: "ವಿಮಾನದ ತಲೆ ಹೋದರೂ ಮರ್ಯಾದೆ ಉಳಿಯಿತು", ಎರಡಕ್ಷರ. ದೊಡ್ಡಪ್ಪ ಹುಬ್ಬು ಗಂಟಿಕ್ಕಿ, ಯಾವುದಾದರೂ ವಿಮಾನ ಬಿದ್ದಿತ್ತೇ ಎಂದು ಯೋಚಿಸುತ್ತ ನಿಂತರು. ಅತ್ತೆ ರೊಟ್ಟಿ ತಟ್ಟುತ್ತಲೇ, "ಯಾವ ವಿಮಾನಾನೂ ಬಿದ್ದಿಲ್ಲ ಅಣ್ಣ. ಅದು ಹೇಳೋ ಕತೆ ನಂಬ್ಬೇಡ, ಬರೀ ಪದ ನೋಡು. ವಿಮಾನ ಅನ್ನೋ ಪದಕ್ಕೆ ತಲೆ ಅಂದ್ರೆ ಮೊದಲ್ನೇ ಅಕ್ಷರ. 'ವಿ' ತೆಗಿ. ಏನುಳೀತು? ಮಾನ. ಮರ್ಯಾದೆ ಅಂದ್ರೂ ಅದೇ ತಾನೆ?" ಎಂದಳು. ಹೊಸ್ತಿಲ ಮೇಲೆ ಸಾಲಾಗಿ ಕೂತು ರೊಟ್ಟಿ ತಿನ್ನುತ್ತಿದ್ದ ನಾವು ಮಕ್ಕಳು ಓಹೋ ಎಂದು ಕೂಗಿದೆವು. ಉತ್ತರ ಸಿಕ್ಕಿದ್ದಕ್ಕಲ್ಲ, ಅದು ನಮಗೂ ಅರ್ಥವಾಯಿತಲ್ಲ ಎಂಬ ಖುಷಿಗೆ. ಯಾವ ಮೇಷ್ಟರೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಹೇಳಿಕೊಟ್ಟಿಲ್ಲ. ಆ ಹೊತ್ತಿನಲ್ಲಿ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಇಡೀ ದಿನದಲ್ಲಿ ಅವಳದು ಎನ್ನಬಹುದಾದ ಹೊತ್ತು ಅದೊಂದೇ.

ಅಷ್ಟು ಬೆಳಿಗ್ಗೆಯೇ ಪದಬಂಧ ಬಿಡಿಸುವುದು ಯಾಕೆ ಎಂದರೆ ಕಂಪನಿ ಬಸ್ಸು. ದೊಡ್ಡಪ್ಪನ ಕಾರ್ಖಾನೆಯ ಬಸ್ಸು ನಮ್ಮ ಗೇಟಿನೆದುರೇ ನಿಲ್ಲುತ್ತಿತ್ತು. ಅದರಲ್ಲಿ ಅವರಿಗೆ ಪಂಡಿತರೆಂದು ಹೆಸರು. ಉಳಿದವರು ಪೇಪರ್ ಹಿಡಿದು ತಲೆ ಕೆರೆದುಕೊಳ್ಳುವಾಗ ಇವರು ಒಂದೊಂದೇ ಸುಳಿವು ಬಿಡಿಸಿ, ಅತ್ತೆಯ ಮಾತನ್ನೇ ಅತ್ತೆಯ ಧಾಟಿಯಲ್ಲೇ ಒಪ್ಪಿಸಿ ಶಹಬ್ಬಾಸ್ ಗಿಟ್ಟಿಸುತ್ತಿದ್ದರು. ಕೆಲವು ದಿನ ಒಂದೆರಡು ಉತ್ತರ ಬಾಕಿಯಿರುವಾಗಲೇ ಹಾರನ್ ಕೇಳಿಸುತ್ತಿತ್ತು. ಅಂಥ ದಿನ ದೊಡ್ಡಪ್ಪ ಊಟದ ಡಬ್ಬಿಯನ್ನು ಬೇಕೆಂದೇ ಬಿಟ್ಟು ಬಸ್ಸು ಹತ್ತುತ್ತಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಡಬ್ಬಿ ಹಿಡಿದು ಓಡುತ್ತಿದ್ದಳು. ಕಿಟಕಿಯಿಂದ ಡಬ್ಬಿ ಒಳಗೆ ಹೋಗುವಾಗ ಅದರ ಜೊತೆಗೆ ಕೊನೆಯ ಉತ್ತರ, ಅದರ ವಿವರಣೆ ಎರಡೂ ಪಿಸುದನಿಯಲ್ಲಿ ಹೋಗುತ್ತಿದ್ದವು. ಡಬ್ಬಿ ಕೊಡುವುದಕ್ಕೆ ಅಷ್ಟು ಹೊತ್ತು ಯಾಕೆ ಎಂದು ಡ್ರೈವರೂ ಕೇಳುತ್ತಿರಲಿಲ್ಲ. ಆಗ ನಮಗದು ತಮಾಷೆಯಾಗಿ ಕಾಣುತ್ತಿತ್ತು. ಈಗ ನೆನೆದರೆ ಆ ಬಸ್ಸಿನ ಗಾಜು ಒಡೆಯಬೇಕೆನ್ನಿಸುತ್ತದೆ.

ಒಂದು ದಿನ ಪೇಪರ್ ಬಂದ ಹೊತ್ತಿಗೇ ನಲ್ಲಿಯಲ್ಲಿ ನೀರೂ ಬಂತು. ಎರಡು ಮೂರು ದಿನದಿಂದ ಹನಿ ನೀರಿರಲಿಲ್ಲ. ಹೆಂಗಸರೆಲ್ಲ ಕೊಡ, ಬಕೆಟ್, ಹಂಡೆ ತುಂಬಿಸಲು ಮುಗಿಬಿದ್ದರು. "ಸರೋಜಾ, ಇನ್ನೂ ನಾಲ್ಕು ಉಳಿದಿದೆ ಕಣೇ" ಎಂದು ದೊಡ್ಡಪ್ಪ ಕೂಗುತ್ತಲೇ ಇದ್ದರು. "ಬಂದೆ ಅಣ್ಣ, ಇದೊಂದ್ ಕೊಡ ತುಂಬ್ಲಿ" ಎಂದು ಅತ್ತೆಯೂ ಹೇಳುತ್ತಲೇ ಇದ್ದಳು. ಹಾರನ್ ಆಯಿತು. ಅಂದು ಡಬ್ಬಿ ತೆಗೆದುಕೊಂಡು ಓಡಿದ್ದು ಅಮ್ಮ. ಮುಂದೆ ನಡೆದದ್ದನ್ನು ಅದೇ ಬಸ್ಸಿನಲ್ಲಿದ್ದ ಎದುರುಮನೆಯವರು ಸಂಜೆ ಅಪ್ಪನಿಗೆ ಹೇಳಿದರು. ದೊಡ್ಡಪ್ಪ ಉಳಿದ ಚೌಕಗಳನ್ನು ತಾವೇ ತುಂಬಿ ಉತ್ತರ ಸಾರಿದರಂತೆ. ಅದು ಹೇಗೆ ಎಂದು ಯಾರೋ ಕೇಳಿದರಂತೆ. ವಿವರಿಸಲು ಹೋಗಿ ತಡವರಿಸಿ, ಒಮ್ಮೆ ಹೀಗೆ ಒಮ್ಮೆ ಹಾಗೆ ಹೇಳಿ, ಕೊನೆಗೆ ರೇಗಿಬಿಟ್ಟರಂತೆ. ಆಗ ಹಿಂದಿನ ಸೀಟಿನಿಂದ ಒಬ್ಬಾತ, "ಇವತ್ತು ಡಬ್ಬಿ ಕೊಡೋಕೆ ತಂಗಿಯವ್ರು ಬರ್ಲಿಲ್ವಾ ಸಾರ್?" ಎಂದನಂತೆ. ಇಡೀ ಬಸ್ಸು ನಕ್ಕಿತಂತೆ. ಅಂದರೆ ಆ ಬಸ್ಸಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ವರ್ಷ ಪಂಡಿತರೇ ಪಂಡಿತರೇ ಎಂದು ಕರೆದರು, ಆ ಮಹಾನುಭಾವರು.

ಸಂಜೆ ದೊಡ್ಡಪ್ಪ ಶೂ ಬಿಚ್ಚದೆ ನೇರವಾಗಿ ಅಡುಗೆಮನೆಯ ಬಾಗಿಲಿಗೆ ಬಂದರು. "ನಾಲ್ಕು ಜನದ ಮುಂದೆ ನನ್ನ ನಗೆಪಾಟಲು ಮಾಡ್ಬಿಟ್ಟೆ. ಬೇಕೂಂತ್ಲೇ ಬರ್ಲಿಲ್ಲ ನೀನು" ಎಂದರು. "ನೀರು ಬಂದಿತ್ತು ಅಣ್ಣ" ಎಂದಳು ಅತ್ತೆ. ಅವರು ಹಾಗೇ ತಿರುಗಿ ಪೇಪರ್ ಏಜೆಂಟನ ಅಂಗಡಿಗೆ ಹೋಗಿ ನಾಳೆಯಿಂದ ಬೇಡ ಎಂದು ಹೇಳಿಬಂದರು. ಅತ್ತೆಗೆ ಹೇಳಲಿಲ್ಲ. ನಡುಮನೆಯಲ್ಲಿದ್ದ ಅಪ್ಪನಿಗೂ ದೊಡ್ಡಮ್ಮನಿಗೂ ಹೇಳಿದರು, ಅವರು ಹೂಂ ಎಂದರು. ಆಮೇಲೂ ದೊಡ್ಡಪ್ಪನಿಗೆ ಪೇಪರ್ ತಪ್ಪಲಿಲ್ಲ, ಬಸ್ಸಿನಲ್ಲಿ ಬೇರೆಯವರದು ಸಿಗುತ್ತಿತ್ತು. ಒಮ್ಮೆ ನಾನು ಗೆಳತಿಯ ಮನೆಯಿಂದ ಪದಬಂಧದ ಹಾಳೆ ಹರಿದು ತಂದೆ. ಅತ್ತೆ ಅದನ್ನು ಮುಟ್ಟಲೂ ಇಲ್ಲ. "ಬೇಡ ಪುಟ್ಟಿ, ಅಣ್ಣ ನೋಡಿದ್ರೆ ಬೇಜಾರು ಮಾಡ್ಕೋತಾನೆ" ಎಂದಳು. ಅವಳ ಬಾಯಿಂದ ಕೂಳು ಕಿತ್ತುಕೊಂಡವನ ಬೇಜಾರು ಅವಳಿಗೆ ದೊಡ್ಡದಾಗಿತ್ತು. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿದೆ.

ಆ ಮನೆ ಮಾರಿ ಎಷ್ಟೋ ವರ್ಷವಾಯಿತು. ಅಲ್ಲೀಗ ಮೊಬೈಲ್ ಅಂಗಡಿಯಿದೆ. ನಾವು ವಿಜಯನಗರಕ್ಕೆ ಬಂದೆವು, ದೊಡ್ಡಪ್ಪನವರು ಸುಂಕದಕಟ್ಟೆಯಲ್ಲಿ ಮನೆ ಕಟ್ಟಿದರು. ಅತ್ತೆ ಅಲ್ಲಿಯ ಅಡುಗೆಮನೆಗೆ ಹೋದಳು. ದೊಡ್ಡಪ್ಪ ಹೋದ ಮೇಲೂ ಅಲ್ಲೇ ಬೇಯಿಸುತ್ತಿದ್ದು, ಕಳೆದ ತಿಂಗಳು ತೀರಿಕೊಂಡಳು. ತಿಥಿಯ ದಿನ ಊಟಕ್ಕೆ ಮುಂಚೆ ದೊಡ್ಡಪ್ಪನ ಮಗ ರಮೇಶ ಎದ್ದು ನಿಂತು ನಾಲ್ಕು ಮಾತಾಡಿದ. ಅತ್ತೆಯ ಕೈರುಚಿ ಹೊಗಳಿದ. "ನಮ್ಮಪ್ಪ ಪದಬಂಧದಲ್ಲಿ ದೊಡ್ಡ ಪಂಡಿತರು. ಅವರು ಡಬ್ಬಿ ಮರೆತ್ರೆ ನಮ್ಮತ್ತೆ ಬಸ್ಸಿಗೇ ಓಡಿಹೋಗಿ ಕೊಡೋರು" ಎಂದ. ನನ್ನಿಂದ ತಡೆಯಲಾಗಲಿಲ್ಲ. "ಡಬ್ಬಿ ಅಲ್ಲ ಕಣೋ, ಉತ್ತರ ಕೊಡೋಕೆ ಓಡ್ತಿದ್ಳು. ಅದಕ್ಕೇ ಅವಳ ಪೇಪರ್ ನಿಲ್ಲಿಸಿದ್ರು ನಿಮ್ಮಪ್ಪ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಮುಂಗೈ ಹಿಡಿದು ಎಳೆದರು. "ಕೂತ್ಕೊಳೇ ಸಾಕು. ಬರೀ ಒಂದು ಪೇಪರ್ ಕಣೇ ಅದು. ಅವಳಿಗೆ ಬೇಕಿದ್ರೆ ಕೇಳ್ತಿರ್ಲಿಲ್ವಾ? ಒಂದಿನಾನೂ ಕೇಳ್ಲಿಲ್ಲ" ಎಂದರು.

ಕೇಳಿದ್ದಳು. ಪೇಪರ್ ನಿಂತ ಮೊದಲ ಬೆಳಿಗ್ಗೆ ಅವಳು ಗೇಟಿನ ಆಚೆ ಈಚೆ ನೋಡಿ, ತುಳಸಿ ಕಟ್ಟೆಯ ಹಿಂದೆಯೂ ಬಗ್ಗಿ ಹುಡುಕಿ, ನಡುಮನೆಗೆ ಬಂದು ನಿಂತು, "ಇವತ್ತು ಪೇಪರ್ ಬರ್ಲಿಲ್ವಾ?" ಎಂದು ಕೇಳಿದ್ದಳು. ದೊಡ್ಡಪ್ಪ ಶೂ ಲೇಸು ಕಟ್ಟುತ್ತಿದ್ದರು. ಅಪ್ಪ ಕಾಫಿ ಕುಡಿಯುತ್ತಿದ್ದರು. ದೊಡ್ಡಮ್ಮ ರಮೇಶನ ತಲೆ ಬಾಚುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋಗಿ ಒಲೆಯ ಉರಿ ದೊಡ್ಡದು ಮಾಡಿದಳು.